ಜೋಡಿ ಬಿಡಿಸಬಾರದು

ಗಂಡು ಹಾವನ್ನು ನಾನು ಎರವಲು ತಂದಿದ್ದೆ. ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಗಾರ್ಟರ್ ಹಾವುಗಳನ್ನು ಸಾಕುವ ಅಮೆರಿಕನ್ ಹೆಂಗಸೊಬ್ಬರಿದ್ದರು. ಬಟ್ಟೆಯ ಚೀಲದ ಬಾಯಿ ಕಟ್ಟಿ ನನ್ನ ಕೈಗೆ ಕೊಡುವಾಗ ಒಂದೇ ಎಚ್ಚರಿಕೆ ಹೇಳಿದರು: ಜೋಡಿಯಾದ ಮೇಲೆ ಅವು ತಾವಾಗಿ ಬಿಡಿಸಿಕೊಳ್ಳುವವರೆಗೆ ಕೈ ಹಾಕಬೇಡಿ, ಎಳೆದರೆ ಗಂಡಿನ ಒಳಗಿನದೆಲ್ಲ ಹರಿದುಹೋಗುತ್ತದೆ.

ಹೆಣ್ಣು ನನ್ನದೇ. ನಾನು ಜೀವಶಾಸ್ತ್ರ ಕಲಿಸುವ ಕಾಲೇಜಿನ ಪ್ರಯೋಗಾಲಯವನ್ನು ರಿಪೇರಿಗೆಂದು ಮುಚ್ಚಿದಾಗ ಮನೆಗೆ ಬಂದವಳು ಇಲ್ಲೇ ಉಳಿದಿದ್ದಳು. ಕಪ್ಪು ಮೈ, ಉದ್ದಕ್ಕೂ ಮೂರು ಹಳದಿ ಗೆರೆ. ಮನುಷ್ಯರಿಗೆ ಅಪಾಯ ಮಾಡದ, ಇಲ್ಲಿನವರ ಹಿತ್ತಿಲಲ್ಲಿ ಹುಲ್ಲು ಕತ್ತರಿಸುವಾಗ ಸರಕ್ಕನೆ ಸರಿದುಹೋಗುವ ಸಾಧಾರಣ ಹಾವು. ಸಾಕುವುದಕ್ಕೆ ಬೇಕಾದ ಪರ್ಮಿಟ್ ನನ್ನ ಹತ್ತಿರ ಇತ್ತು. ಆದರೆ ಫೋರ್ಟ್ ಲೀಯ ನಮ್ಮ ಬಿಲ್ಡಿಂಗ್‌ನಲ್ಲಿ ಯಾರಿಗೂ ಹೇಳಿರಲಿಲ್ಲ. ಲಿಫ್ಟಿನಲ್ಲಿ ದಿನವೂ ಮುಖ ನೋಡುವ ಜನ. ಹಾವಿನ ಸುದ್ದಿ ತಿಳಿದರೆ ಗುಡ್ ಮಾರ್ನಿಂಗ್ ನಿಂತುಹೋಗುತ್ತದೆ ಎಂಬ ಅಳುಕು.

ಅದಕ್ಕಿಂತ ದೊಡ್ಡ ಅಳುಕು ಮನೆಯೊಳಗೇ ಇತ್ತು. ಧಾರವಾಡದಿಂದ ನಮ್ಮ ಅತ್ತೆ ಬಂದಿದ್ದರು. ಹಾವಿರುವ ಕೋಣೆಯ ಮುಂದೆ ಹಾಯುವಾಗ ನೆರಿಗೆ ಎತ್ತಿ ಹಿಡಿದು ಗೋಡೆಗೆ ಅಂಟಿಕೊಂಡು ಹೋಗುತ್ತಿದ್ದರು. ಊಟಕ್ಕೆ ಕೂತರೆ ಕಾಲು ಕುರ್ಚಿಯ ಮೇಲೆ. ನನ್ನೊಡನೆ ಜಗಳವಾಡಲಿಲ್ಲ; ಮಾತು ಮಾತ್ರ ಕಡಿಮೆಯಾಯಿತು. ಮಗನ ಹತ್ತಿರ ಒಮ್ಮೆ, ನನಗೆ ಕೇಳುವಂತೆಯೇ, "ಮಂದಿ ನಾಯಿ ಸಾಕ್ತಾರ, ಗಿಳಿ ಸಾಕ್ತಾರ. ನಿನ್ನ ಹೆಂಡ್ತಿ ಏನಪಾ ಇದು?" ಎಂದಿದ್ದರು.

ಏಪ್ರಿಲ್ ತಿಂಗಳ ಒಂದು ಶನಿವಾರ. ಗಂಡ ಪಾರ್ಸಿಪನಿಯ ಆಫೀಸಿಗೆ ಹೋಗಿದ್ದರು, ಏನೋ ಸಾಫ್ಟ್‌ವೇರ್ ರಿಲೀಸ್ ಇತ್ತು. ಚಳಿಗಾಲದ ನಿದ್ದೆಗೆಂದು ವೈನ್ ಇಡುವ ಪುಟ್ಟ ಫ್ರಿಜ್‌ನಲ್ಲಿ ತಣ್ಣಗೆ ಮಲಗಿದ್ದ ಹೆಣ್ಣು ಹೊರಬಂದು, ಹಿಂದಿನ ದಿನವಷ್ಟೇ ಪೊರೆ ಬಿಟ್ಟಿದ್ದಳು. ಗಂಡಿಗೆ ಬೇಕಾದ ವಾಸನೆ ಇರುವುದು ಆ ಹೊಸ ಚರ್ಮದಲ್ಲೇ. ಸ್ವೆಟರ್ ತುಂಬಿಡುವ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಬ್ಬರನ್ನೂ ಬಿಟ್ಟು ನೋಡುತ್ತ ಕೂತೆ. ಎರಡು ವರ್ಷ ಬೇರೆ ಗಂಡುಗಳನ್ನು ತಂದು ಸೋತಿದ್ದೆ. ಒಂದಂತೂ ಹೆಣ್ಣಿಗೆ ಹೆದರಿ ಮೂಲೆಯಲ್ಲಿ ಸುರುಳಿಯಾಗಿತ್ತು.

ಈ ಗಂಡು ಹಾಗಲ್ಲ. ಹೆಣ್ಣಿನ ಅರ್ಧದಷ್ಟೂ ದಪ್ಪವಿಲ್ಲದವನು, ನಾಲಗೆ ಚಾಚಿ ಚಾಚಿ ಅವಳ ಬೆನ್ನು ಸವರಿದ. ಗಲ್ಲವನ್ನು ಅವಳ ಬೆನ್ನಿಗೊತ್ತಿ ಬಾಲದಿಂದ ಕತ್ತಿನವರೆಗೂ ಉಜ್ಜುತ್ತ ಹೋದ. ಆಮೇಲೆ ಮೈಗೆ ಮೈ ಹೊಂದಿಸಿ ಮಲಗಿದ. ಅವನ ಮೈಯಲ್ಲಿ ಹಿಂದಿನಿಂದ ಮುಂದಕ್ಕೆ ಅಲೆ ಮೇಲೆ ಅಲೆ ಏಳತೊಡಗಿತು. ಹೆಣ್ಣು ಕೊಸರಿ ಮುಂದೆ ಸರಿದಳು. ಅವನು ಬಿಡಲಿಲ್ಲ. ಆ ಅಲೆಗಳು ಹೆಣ್ಣಿನ ಶ್ವಾಸವನ್ನೇ ಒತ್ತುತ್ತವೆಂದು ಓದಿದ್ದೆ. ಅವಳ ಪಕ್ಕೆ ಸೆಳೆತಗೊಂಡಾಗ ಬೇರೆ ಮಾಡಲೇ ಎಂದು ಎರಡು ಸಲ ಕೈ ಎತ್ತಿ ಇಳಿಸಿದೆ. ಅಷ್ಟರಲ್ಲಿ ಅವಳು ಬಾಲ ಎತ್ತಿದಳು. ಬಾಲಗಳು ಹೆಣೆದುಕೊಂಡವು. ಇಬ್ಬರೂ ಸ್ತಬ್ಧರಾದರು.

ಫೈರ್ ಅಲಾರಂ ಹೊಡೆದುಕೊಂಡದ್ದು ಆಗಲೇ.

ಮೊದಲು ಬರಿಯ ಅಭ್ಯಾಸದ ಡ್ರಿಲ್ ಎಂದುಕೊಂಡೆ. ಬಾಗಿಲು ತೆರೆದರೆ ಕಾರಿಡಾರಿನಲ್ಲಿ ಸುಟ್ಟ ವೈರಿನ ವಾಸನೆ. ನಮ್ಮದು ಹದಿನಾಲ್ಕನೆಯ ಮಹಡಿ. ಲಿಫ್ಟ್ ನಿಂತಿತ್ತು. ಅತ್ತೆಗೆ ಎರಡು ಮಂಡಿಯೂ ನೋವು. ನಾನು ತೋಳು ಹಿಡಿಯದೆ ಅವರು ಬಸ್ಸೂ ಹತ್ತುವವರಲ್ಲ. ಚಪ್ಪಲಿ ಹುಡುಕಲು ಓಡಾಡುತ್ತಲೇ ಒಮ್ಮೆ ಅವರನ್ನು ನೋಡಿದೆ, ಒಮ್ಮೆ ಕೋಣೆಯ ಕಡೆ ನೋಡಿದೆ.

ಅತ್ತೆ ನನ್ನ ಕಣ್ಣು ಹೋದ ಕಡೆಗೇ ಹೋದರು. ಮೊದಲ ಸಲ ಆ ಕೋಣೆಯ ಹೊಸ್ತಿಲ ತನಕ ಬಂದು, ಡಬ್ಬಿಯೊಳಗೆ ಇಣುಕಿ, ತಟ್ಟನೆ ಕಣ್ಣು ಮುಚ್ಚಿದರು.

"ಅಯ್ಯ ಶಿವನ! ಕೂಡ್ಯಾವಲ್ಲ!"

"ಹೌದು ಅತ್ತೆ. ಈಗ ಬಿಡಿಸಕ್ಕಾಗಲ್ಲ. ಇಲ್ಲೇ ಇರ್ಲಿ, ನೀವು ಬನ್ನಿ."

"ಇಲ್ಲೇ ಇರ್ಲಿ ಅಂದ್ರ? ಬೆಂಕ್ಯಾಗ?" ಹೊದ್ದಿದ್ದ ಶಾಲನ್ನು ತೆಗೆದು, ಮುಖ ಆ ಕಡೆ ತಿರುಗಿಸಿಕೊಂಡೇ ನನ್ನತ್ತ ಎಸೆದರು. "ಕೂಡಿದ ಹಾವಿನ ಮ್ಯಾಲ ಅರಿವಿ ಹಾಕಬೇಕು. ನಮ್ಮಪ್ಪ ಹೊಲದಾಗ ತನ್ನ ಧೋತರ ಬಿಚ್ಚಿ ಹಾಕಿ ಬಂದಿದ್ದ. ಹಾಕು. ನೀ ಡಬ್ಬಿ ಹಿಡಕೊ, ನಾ ಕಂಬಿ ಹಿಡಕೊಂಡು ಇಳೀತೀನಿ."

ಮುಚ್ಚಳ ಬಿಗಿದು, ಶಾಲು ಹೊದಿಸಿ, ಡಬ್ಬಿಯನ್ನು ಎದೆಗಾನಿಸಿಕೊಂಡೆ. ಮೆಟ್ಟಿಲಲ್ಲಿ ಜನ ಸಾಲಾಗಿ ಇಳಿಯುತ್ತಿದ್ದರು. ಅತ್ತೆ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ, ನೋವಿಗೆ ತುಟಿ ಕಚ್ಚಿ ಇಳಿದರು. ಡಬ್ಬಿ ಓರೆಯಾದರೆ ಹಾವುಗಳು ಒಂದರ ಮೇಲೊಂದು ಜಾರುತ್ತವೆ. ಹೆಣ್ಣು ಗಾಬರಿಯಿಂದ ಹರಿದರೆ ಗಂಡನ್ನು ಎಳೆದುಕೊಂಡೇ ಹರಿಯುತ್ತಾಳೆ. ಕೈ ಸೋತರೂ ಅಲುಗಿಸಲಿಲ್ಲ. ಕೆಳಗಿನ ಮಹಡಿಯವನೊಬ್ಬ ನಾಯಿಯೊಡನೆ ನಮ್ಮ ಪಕ್ಕ ಬಂದ. ನಾಯಿ ಶಾಲಿಗೆ ಮೂಗು ಹಚ್ಚಿ ಗುರುಗುಟ್ಟಿತು.

"ವಾಟ್ಸ್ ಇನ್ ದೇರ್?" ಎಂದ.

ಹಾವೆಂದರೆ ಈ ಇಕ್ಕಟ್ಟಿನಲ್ಲಿ ಯಾರಾದರೂ ಕಿರುಚಿ ನೂಕಿದರೆ?

"ಗಾಡ್," ಎಂದರು ಅತ್ತೆ, ತಿರುಗಿಯೂ ನೋಡದೆ.

ಅವನು ತಲೆಯಾಡಿಸಿ ನಾಯಿಯನ್ನು ಎಳೆದುಕೊಂಡು ಮುಂದೆ ಹೋದ.

ಇನ್ನೊಂದೆರಡು ಮಹಡಿ ಇಳಿಯುವಷ್ಟರಲ್ಲಿ ಹೊಗೆ ಕಾಣಿಸಿತು. ದಟ್ಟವಿಲ್ಲ, ಆದರೆ ಗಂಟಲು ಕೆರೆಯುವಷ್ಟು. ಅಲ್ಲೇ ಅತ್ತೆಯ ಬಲಮಂಡಿ ಕೈಕೊಟ್ಟಿತು. ಕಂಬಿ ಹಿಡಿದು ಜಗುಲಿಯಂಥ ತಿರುವಿನಲ್ಲಿ ಕುಸಿದು ಕೂತರು. ಹಿಂದಿನವರು ನಮ್ಮನ್ನು ಬಳಸಿಕೊಂಡು ಇಳಿದರು. ಕೆಳಗಿನಿಂದ ಏರಿ ಬಂದ ಅಗ್ನಿಶಾಮಕನೊಬ್ಬ ನಮ್ಮನ್ನು ನೋಡಿದ್ದೇ, ಡಬ್ಬಿ ಇಲ್ಲೇ ಬಿಡಿ, ನೀವೊಂದು ತೋಳು ನಾನೊಂದು ತೋಳು ಹಿಡಿಯೋಣ ಎಂದ. ಅವನು ಹೇಳಿದ್ದು ಸರಿಯಾಗಿತ್ತು. ನಾನು ಬಗ್ಗಿ ಡಬ್ಬಿಯನ್ನು ಮೂಲೆಗೆ ಇಡಹೋದೆ.

"ಇಡಬ್ಯಾಡ," ಎಂದರು ಅತ್ತೆ. "ಕೊಡಿಲ್ಲೆ."

"ಅತ್ತೆ, ನಿಮಗೆ ಭಯ..."

"ಭಯ ಅದ. ಕೊಡು."

ಎರಡೂ ಕೈಯಲ್ಲಿ ಡಬ್ಬಿಯನ್ನು ಮಗುವಿನಂತೆ ಅವಚಿಕೊಂಡರು. ಅವರನ್ನು ನಾವಿಬ್ಬರು ಎತ್ತಿದಂತೆ ನಡೆಸಿದೆವು. ನನ್ನ ಹಿಡಿತದಲ್ಲಿದ್ದ ಅವರ ತೋಳು ಅಡಿಯಿಂದ ಮುಡಿಯವರೆಗಿನ ನಡುಕವನ್ನೆಲ್ಲ ನನಗೆ ದಾಟಿಸುತ್ತಿತ್ತು. ಒಂದು ತಿರುವಿನಲ್ಲಿ, "ಒಳಗ ಓಡ್ಯಾಡ್ಲಿಕ್ಕತ್ತದ," ಎಂದು ಪಿಸುಗುಟ್ಟಿದರು. ಡಬ್ಬಿ ಮಾತ್ರ ಮಟ್ಟಸವಾಗಿತ್ತು.

ಹೊರಗೆ ಹಡ್ಸನ್ ನದಿಯ ಕಡೆಯಿಂದ ಚಳಿಗಾಳಿ. ಬ್ರಿಡ್ಜಿನ ಮೇಲೆ ಟ್ರಾಫಿಕ್ ತನ್ನ ಪಾಡಿಗೆ ಹರಿಯುತ್ತಿತ್ತು. ಅತ್ತೆಯನ್ನು ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂರಿಸಿ, ನನ್ನ ಜಾಕೆಟ್ ಹೊದಿಸಿ, ಶಾಲಿನ ಅಂಚೆತ್ತಿ ನೋಡಿದೆ. ಜೋಡಿ ಬಿಟ್ಟಿತ್ತು. ಹೆಣ್ಣು ಒಂದು ಮೂಲೆಯಲ್ಲಿ ತಲೆಯೆತ್ತಿ ನೋಡುತ್ತಿದ್ದಳು. ಗಂಡು ನಡುವೆ ದಾರದಂತೆ ಬಿದ್ದಿದ್ದ, ಹೊಟ್ಟೆ ಅರ್ಧ ಮೇಲಾಗಿ.

ಎತ್ತಿಕೊಂಡೆ. ತಣ್ಣಗಿದ್ದ. ಬಾಲದ ಬುಡ ನೋಡಿದೆ: ರಕ್ತವಿಲ್ಲ, ಹರಿದಿಲ್ಲ, ಎಲ್ಲವೂ ಒಳಸೇರಿತ್ತು. ಆದರೂ ಅಲುಗಾಡಲಿಲ್ಲ. ಅಂಗೈಗಳ ನಡುವೆ ಇಟ್ಟುಕೊಂಡು ಉಸಿರು ಊದಿದೆ. ಈಸ್ಟ್ ಬ್ರನ್ಸ್‌ವಿಕ್‌ನವರಿಗೆ ಏನು ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಹೆಬ್ಬೆರಳಿಗೆ ಏನೋ ತಾಕಿತು. ನಾಲಗೆ.

"ಅದಾನಾ?" ಎಂದರು ಅತ್ತೆ, ರಸ್ತೆ ನೋಡುತ್ತ.

"ಇದಾನೆ ಅತ್ತೆ."

ಆಗ ಅವರು ಅತ್ತರು. ನಾನೂ.

ಬೆಂಕಿ ಎದ್ದದ್ದು ಯಾರದೋ ಮನೆಯ ಬಟ್ಟೆ ಒಣಗಿಸುವ ಡ್ರೈಯರ್‌ನಲ್ಲಂತೆ. ಯಾರಿಗೂ ಪೆಟ್ಟಾಗಲಿಲ್ಲ. ಸಂಜೆಗೆ ಒಳಗೆ ಬಿಟ್ಟರು. ಗಂಡು ಹಾವನ್ನು ಮುಂದಿನ ವಾರ ವಾಪಸು ಕೊಟ್ಟೆ. ಅತ್ತೆ ಶಾಲನ್ನು ಒಗೆಯದೆ ಮಡಿಚಿ ದೇವರ ಕಪಾಟಿನಲ್ಲಿಟ್ಟರು.

ಅತ್ತೆ ಹಾವನ್ನು ಮುಟ್ಟುವವರಾದರು ಎಂದೇನಿಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ ಹೊಸ್ತಿಲಲ್ಲಿ ನಿಂತು, ಹೊಟ್ಟೆ ದೊಡ್ಡದಾಗಿದೆಯೇ ಎಂದು ಕೇಳುವವರಾದರು ಅಷ್ಟೆ. ಜುಲೈನ ಒಂದು ಮುಂಜಾನೆ ಅವರ ಕೂಗಿಗೆ ನಾನು ಬೆಚ್ಚಿ ಎದ್ದೆ.

"ಬಾ ಲಗೂನ! ನೀರಿನ ಬಟ್ಟಲದಾಗ ಎರೆಹುಳ ತುಂಬ್ಯಾವ!"

ಎರೆಹುಳಗಳಲ್ಲ. ಈ ಹಾವು ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತದೆ. ಬೆಂಕಿಕಡ್ಡಿಗಿಂತ ತುಸು ದಪ್ಪದ ಮರಿಗಳು ಬಟ್ಟಲಿನ ಸುತ್ತ, ಪಾಚಿಯ ಮೇಲೆ, ತಾಯಿಯ ಮೈಯ ಮೇಲೆ ಹರಿದಾಡುತ್ತಿದ್ದವು. ಒಂದೆರಡು ಸತ್ತೇ ಹುಟ್ಟಿದ್ದವು, ಅವನ್ನು ತೆಗೆದೆ. ತಾಯಿ ಸೊರಗಿ, ಪಕ್ಕೆಯ ಚರ್ಮ ಜೋತು ಮಲಗಿದ್ದಳು.

ಅತ್ತೆ ಹೊಸ್ತಿಲು ದಾಟಿ ನನ್ನ ಬೆನ್ನ ಹಿಂದೆ ನಿಂತರು. ಬಹಳ ಹೊತ್ತು ನೋಡಿದರು.

"ಬಾಣಂತಿಗೆ ಏನು ಹಾಕ್ತಿ?"

ಸಸ್ಯಾಹಾರದ ಮನೆ ನಮ್ಮದು. ಫ್ರೀಜರ್‌ನ ತಳದಲ್ಲಿ ಪೇಪರ್ ಸುತ್ತಿ ಬಚ್ಚಿಟ್ಟದ್ದರ ಬಗ್ಗೆ ಅವರಿಗೆ ಈವರೆಗೆ ನಾನು ಹೇಳಿರಲಿಲ್ಲ.

"ಮೀನು, ಅತ್ತೆ."

ಅವರು ಸೆರಗನ್ನು ಮೂಗಿಗೆ ಹಿಡಿದರು.

"ಹಾಕು ಮತ್ತ. ನಾ ಆ ಕಡೆ ಹೊಳ್ಳಿ ನಿಂದರ್ತೀನಿ."