ಕಾದಂಬರಿಯಲ್ಲಿ ಮುಳುಗಿದ ದೊಡ್ಡಮ್ಮ

ನನ್ನ ಕಾದಂಬರಿಯ ಕೊನೆಯಲ್ಲಿ ದೋಣಿ ನಡೆಸುವ ಹೆಂಗಸು ಒಂದು ಕರುವನ್ನು ಉಳಿಸಲು ಹೋಗಿ ನೆರೆಯಲ್ಲಿ ಮುಳುಗಿ ಸಾಯುತ್ತಾಳೆ. ನಾನು ಹುಟ್ಟಿದ್ದು ನೇತ್ರಾವತಿಯ ನಡುವಿನ ಒಂದು ಕುದುರಿನಲ್ಲಿ. ಸುತ್ತ ಹೊಳೆ, ಮಧ್ಯೆ ತೆಂಗು, ಹರಿವೆಯ ಸಾಲು, ಕೆಲವು ಮನೆಗಳು. ಅಲ್ಲಿಂದ ಪಾಣೆಮಂಗಳೂರಿನ ದಡಕ್ಕೆ ದೋಣಿ ನಡೆಸಿದ ಹೆಂಗಸು ಒಬ್ಬಳೇ, ನನ್ನ ಅಮ್ಮನ ಅಕ್ಕ. ಹಾಗಾಗಿ ಪಾತ್ರಗಳೆಲ್ಲ ಕಾಲ್ಪನಿಕ ಎಂದು ಮೊದಲ ಪುಟದಲ್ಲಿ ಹಾಕಿಸಿದ್ದನ್ನು ಊರಿನವರು ಮುದ್ರಣದೋಷ ಎಂದೇ ತಿಳಿದರು.

ದೊಡ್ಡಮ್ಮ ಕಾದಂಬರಿ ಓದುವವಳಲ್ಲ. ಸುದ್ದಿ ಮೀನಿನ ಅಂಗಡಿಯಲ್ಲಿ ಸಿಕ್ಕಿತು. ಬಂಗುಡೆ ಆರಿಸುತ್ತಿದ್ದವಳಿಗೆ ಅಂಗಡಿಯವರು, ನೀವು ಪುಸ್ತಕದಲ್ಲಿ ತೀರಿಕೊಂಡಿರಂತೆ, ಮಗಳು ಓದಿ ಹೇಳಿದಳು ಎಂದು ಬೇಸರಪಟ್ಟು ಎರಡು ಮೀನು ಹೆಚ್ಚಿಗೆ ಹಾಕಿದರಂತೆ. ಬೆಳ್ತಂಗಡಿಯ ನಾದಿನಿಯಂತೂ ಫೋನ್ ಮಾಡಿ, ಹೆಣ ಸಿಕ್ಕಿತಾ ಇಲ್ಲವಾ ಎಂದು ವಿಚಾರಿಸಿದಳಂತೆ. ಅಂದಿನಿಂದ ದೊಡ್ಡಮ್ಮ ನನ್ನೊಡನೆ ಮಾತು ಬಿಟ್ಟಳು.

ನನಗೆ ಅದು ದೊಡ್ಡ ಸಂಕಟ. ಎರಡನೆಯ ಕಾದಂಬರಿಯೂ ಕುದುರಿನದ್ದೇ, ಬರೆಯಲು ನನಗೆ ಬೇರೆ ಊರು ಇಲ್ಲ. ಕುದುರಿಗೆ ನಿಜವಾಗಿಯೂ ಒಂದು ದೊಡ್ಡ ನೆರೆ ಬಂದಿತ್ತು, ಅದರ ನಂತರ ನಾವು ಬಂಟ್ವಾಳ ಪೇಟೆಗೆ ಬಂದುಬಿಟ್ಟೆವು, ಆಗ ನಾನು ತೀರ ಚಿಕ್ಕವಳು. ನನ್ನ ತಲೆಯಲ್ಲಿರುವ ಕುದುರಿನಲ್ಲಿ ಯಾವುದು ಕಂಡದ್ದು, ಯಾವುದು ಅಮ್ಮ ಹೇಳಿದ್ದು, ಯಾವುದು ನಾನೇ ಬರೆದು ಆಮೇಲೆ ನಂಬಿದ್ದು ಎಂದು ಬಿಡಿಸಲಾಗುವುದಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಓದಿದ್ದರಿಂದ ಈ ಕಾಯಿಲೆಯ ಹೆಸರು ತಿಳಿಯಿತು, ಮದ್ದು ಸಿಗಲಿಲ್ಲ. ಅಮ್ಮ ಈಗಿಲ್ಲ. ಹೌದು, ಅಲ್ಲ ಎಂದು ಹೇಳಬಲ್ಲವಳು ದೊಡ್ಡಮ್ಮ ಮಾತ್ರ.

ಹೋದಾಗಲೆಲ್ಲ ಅವಳು ಪಕ್ಕದ ಮನೆಯಾಕೆಯ ಕಡೆ ತಿರುಗುತ್ತಿದ್ದಳು. "ಸತ್ತವರು ಮಾತಾಡುವುದುಂಟಾ ಅಂತ ಕೇಳು ಇವಳ ಹತ್ರ." ಚಹಾ ಮಾತ್ರ ಬರುತ್ತಿತ್ತು. ಅದರಲ್ಲಿ ಸಕ್ಕರೆ ಸರಿಯಾಗಿಯೇ ಇರುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಅವಳೇ ಹೇಳಿಕಳಿಸಿದಳು. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸುವಾಗ ಕಾಗೆಯೊಂದು ಅವಳ ತಲೆಗೆ ಕುಕ್ಕಿ ಹೋಗಿತ್ತು. ಹಾಗಾದರೆ ಆಯುಷ್ಯಕ್ಕೆ ಕೇಡು ಎಂದು ನಂಬಿಕೆ. ಪರಿಹಾರವೂ ಉಂಟು: ಸತ್ತುಹೋದಳೆಂದು ಸಂಬಂಧಿಕರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು, ಅವರಲ್ಲೊಬ್ಬರು ಕಣ್ಣೀರು ಹಾಕಿದರೆ ದೋಷ ಹೋಯಿತು. ಆಮೇಲೆ ನಿಜ ಹೇಳಿ ಬೈಗುಳ ತಿಂದರಾಯಿತು. ಹಿಂದೆ ಇದು ಸುಲಭವಿತ್ತು. ಈಗ ಕುಟುಂಬದ ವಾಟ್ಸಾಪಿನಲ್ಲಿ ಹಾಕಿದರೆ ದುಬೈಯವರೆಗೆ ಎಲ್ಲರೂ ಕೈಮುಗಿದ ಚಿತ್ರ ಕಳಿಸುತ್ತಾರೆ, ಅಳುವವರು ಯಾರೂ ಇಲ್ಲ ಎಂಬುದು ದೊಡ್ಡಮ್ಮನ ದೂರು. ನನ್ನ ಸುಳ್ಳು ಸುದ್ದಿಯಾದರೋ ಆಗಲೇ ಅಚ್ಚಾಗಿತ್ತು.

"ಹೇಗೂ ಸಾಯಿಸಿದ್ದೀಯಲ್ಲ," ಎಂದಳು, ನೇರವಾಗಿ ನನಗೇ. "ಯಾರಾದರೂ ಅತ್ತಿದ್ದಾರಾ?"

ಮೂಡುಬಿದಿರೆಯ ಕಾಲೇಜಿನಲ್ಲಿ ಒಬ್ಬಳು ವಿದ್ಯಾರ್ಥಿನಿ ಅತ್ತಳು ಎಂದೆ. ಅವಳು ನಮಗೆ ಏನಾಗಬೇಕು ಎಂದು ಕೇಳಿದಳು. ಏನೂ ಆಗಬೇಕಿಲ್ಲ ಎಂದೆ. ಹಾಗಾದರೆ ನಡೆಯುವುದಿಲ್ಲ.

"ಬರೆಯುವಾಗ ನೀನು ಅತ್ತಿದ್ದೀಯಾ?"

ಅತ್ತದ್ದು ನನಗೆ ಬಹಳ ಚೆನ್ನಾಗಿ ನೆನಪಿದೆ. ಅಷ್ಟು ಚೆನ್ನಾಗಿ ನೆನಪಿರುವುದೇ ಅನುಮಾನ. ವೇದಿಕೆಗಳಲ್ಲಿ ಹೇಳಿ ಹೇಳಿ ಬೆಳೆದ ನೆನಪಿರಬಹುದು. ಆ ದಿನಗಳಲ್ಲಿ ನನಗೆ ಶೀತವೂ ಇತ್ತು. ಗೊತ್ತಿಲ್ಲ ಎಂದೆ.

"ಇಷ್ಟು ಓದಿದ್ದೀ, ಅತ್ತದ್ದು ಗೊತ್ತಾಗುವುದಿಲ್ಲವಾ ಮಾರಾಯ್ತಿ? ಈಗ ಓದು, ನೋಡುವ."

ಕೊನೆಯ ಅಧ್ಯಾಯವನ್ನು ತುಳುವಿಗೆ ತಿರುಗಿಸುತ್ತ ಓದಿದೆ. ಅಳಲೇಬೇಕೆಂದು ಕೂತರೆ ಅಳು ಎಲ್ಲಿಂದ ಬರಬೇಕು? ಒಂದೇ ಪುಟದಲ್ಲಿ ಹೊಳೆಯನ್ನು ಎರಡೆರಡು ಸಲ ಹಾವಿಗೆ ಹೋಲಿಸಿದ್ದು ಮಾತ್ರ ಕಣ್ಣಿಗೆ ಚುಚ್ಚಿತು. ಖಾಲಿ ದೋಣಿ ಸೇತುವೆಯ ಕಂಬಕ್ಕೆ ಬಡಿಯುವಲ್ಲಿಗೆ ಬಂದಾಗ ಪಕ್ಕದಲ್ಲಿ ಮೂಗೆಳೆಯುವ ಸದ್ದಾಯಿತು. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸುತ್ತ, "ಪಾಪ, ಒಳ್ಳೆ ಹೆಂಗಸು," ಎಂದಳು.

ತನ್ನ ಸಾವಿಗೆ ತಾನೇ ಅತ್ತರೆ ಲೆಕ್ಕಕ್ಕೆ ಬರುತ್ತದೆಯೇ ಎಂಬ ಪ್ರಶ್ನೆ ಎದ್ದಿತು. ಜೊತೆಗೆ ಕೇಳುತ್ತ ಕೂತಿದ್ದ ಪಕ್ಕದ ಮನೆಯಾಕೆ ಯೋಚಿಸಿ, ಇಲ್ಲ ಎಂದಳು.

ದೊಡ್ಡಮ್ಮನಿಗೆ ಆಗ ನಿಜವಾದ ಸಿಟ್ಟು ಹೊರಬಂತು. "ಸಾಯಿಸಿದ್ದಕ್ಕೆ ಬೇಜಾರಿಲ್ಲ. ಜ್ವರ ಬರಿಸಬಹುದಿತ್ತು, ಹಾವು ಕಚ್ಚಿಸಬಹುದಿತ್ತು. ಮುಳುಗಿಸಿದ್ದು ಯಾಕೆ? ನನಗೆ ಈಜು ಬರುವುದಿಲ್ಲ ಅಂತ ಆಯಿತಲ್ಲ ಪಾಣೆಮಂಗಳೂರಿನಲ್ಲಿ."

ಈಜು ಬರುತ್ತದೆಂದು ನನಗೆ ಗೊತ್ತು ಎಂದೆ. ಆ ನೆರೆಯಲ್ಲಿ ದೋಣಿ ಮಗುಚಿದಾಗ ನೀನು ಕರುವನ್ನು ಹೆಗಲಿಗೆ ಹಾಕಿಕೊಂಡು ಈಜಿ ದಡ ಸೇರಿದ್ದನ್ನು ನಾನೇ ನೋಡಿದ್ದೇನಲ್ಲ, ಕಾದಂಬರಿ ಹುಟ್ಟಿದ್ದೇ ಅದರಿಂದ ಎಂದೆ. ನನ್ನ ನೆನಪುಗಳಲ್ಲಿ ನಾನು ಅನುಮಾನಿಸದೆ ಇಟ್ಟುಕೊಂಡದ್ದು ಅದೊಂದೇ.

ದೊಡ್ಡಮ್ಮ ಸೆರಗನ್ನು ಹೆಗಲಿಗೆ ಎಳೆದುಕೊಂಡಳು.

"ಕರುವನ್ನು ತಂದದ್ದು ನಿನ್ನ ದೊಡ್ಡಪ್ಪ. ನನ್ನ ಹೆಗಲಲ್ಲಿ ಇದ್ದದ್ದು ನೀನು. ಕರು ನಿನ್ನಷ್ಟು ಕೂಗಲಿಲ್ಲ."

ಪುಸ್ತಕ ಮಡಚಿದೆ. ಅಕ್ಷರಗಳು ಕಾಣುತ್ತಿರಲಿಲ್ಲ. ನಾನು ಅತ್ತದ್ದು ಸತ್ತವಳಿಗೋ ಉಳಿದವಳಿಗೋ ಎಂದು ಯಾರೂ ಕೇಳಲಿಲ್ಲ. ದೊಡ್ಡಮ್ಮ ಬಗ್ಗಿ ನನ್ನ ಮುಖ ಪರೀಕ್ಷಿಸಿ, ಪಕ್ಕದ ಮನೆಯಾಕೆಗೂ ತೋರಿಸಿದಳು.

"ಸಾಕು, ದೋಷ ಹೋಯಿತು," ಎಂದಳು. "ಇನ್ನು ಕೋಲು ತೆಗೆ ಮಗಾ. ಹಪ್ಪಳಕ್ಕೆ ಕಾಗೆ ಬಂತು."