ಕಾಲ ಕೆಳಗಿನ ಸರಪಳಿ

ನಮ್ಮ ಕಡೆ ಹಾಯಿದೋಣಿ ಎಂದರೆ ಜನ ನಗುತ್ತಾರೆ. ನಗಲಿ. ಸೇಡಂ, ಚಿತ್ತಾಪುರದ ಸಂತೆಯಲ್ಲಿ ನಿಂತು ನನ್ನದೊಂದು ಹಾಯಿದೋಣಿ ಇದೆ ಎಂದರೆ, ಇಲ್ಲಿ ಸಮುದ್ರ ಎಲ್ಲದವ್ವಾ ಎಂದು ಕೇಳುವವರೇ ಹೆಚ್ಚು. ಗಾಳಿ ಬೀಸಲು ಸಮುದ್ರವೇ ಬೇಕೆಂದು ಇವರಿಗೆ ಯಾರು ಹೇಳಿದರೋ! ಚಿಂಚೋಳಿ ಕಡೆಯ ಡ್ಯಾಮಿಗೆ ಮಧ್ಯಾಹ್ನ ಒಮ್ಮೆ ಬಂದು ನೋಡಲಿ, ತಲೆಯ ಮೇಲಿನ ಟೊಪ್ಪಿಗೆ ಉಳಿಯುವುದಿಲ್ಲ.

ಅಪ್ಪ ಆ ನೀರಿನಲ್ಲಿ ಬಲೆ ಹಾಕಿಯೇ ನಮ್ಮನ್ನು ಸಾಕಿದವನು. ಆಗ ನಮ್ಮ ದೋಣಿಗೆ ಲಂಗರು ಎಂದರೆ ಶಹಾಬಾದಿನ ಫರಸಿ ಕಲ್ಲಿನ ತುಂಡು. ಅದಕ್ಕೊಂದು ತೂತು, ತೂತಿಗೊಂದು ಹಗ್ಗ, ಅಷ್ಟೆ. ಒಂದು ದಿನ ಜೋರು ಗಾಳಿಗೆ ಆ ಕಲ್ಲು ತಳದಲ್ಲಿ ಜಾರಿತು. ದೋಣಿ ಬಂಡೆಗೆ ಬಡಿಯಿತು, ಅಪ್ಪನ ಬಲಭುಜ ಮುರಿಯಿತು. ಮೂಳೆ ಕೂಡಿತು, ಆದರೆ ಹುಟ್ಟು ಹಾಕುವ ಶಕ್ತಿ ವಾಪಸು ಬರಲಿಲ್ಲ.

ಭುಜಕ್ಕೆ ಕಟ್ಟಿದ ಪಟ್ಟಿ ಬಿಚ್ಚಿದ ವಾರವೇ ಅಪ್ಪ ವಾಡಿಯ ಗುಜರಿ ಅಂಗಡಿಗೆ ಹೋಗಿ ನಾಲ್ಕು ಕೊಕ್ಕೆಯ ಕಬ್ಬಿಣದ ಲಂಗರನ್ನೂ, ಲಾರಿಗೆ ಬಿಗಿಯುವ ದಪ್ಪ ಸರಪಳಿಯನ್ನೂ ತಂದ. ಸರಪಳಿಯ ಭಾರ ತಳಕ್ಕೆ ಕೂತರೆ ಲಂಗರು ಜಾರುವುದಿಲ್ಲ ಎಂಬುದು ಅವನ ಲೆಕ್ಕ, ಆ ಲೆಕ್ಕ ಸರಿಯೂ ಇತ್ತು. ದೋಣಿಯ ಮೂತಿಯ ಮೇಲೆ ಅದನ್ನು ಗುಡ್ಡೆ ಹಾಕಿ, ಪ್ರತಿ ಅಮಾವಾಸ್ಯೆಗೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಇಡುತ್ತಿದ್ದ. ಅದಕ್ಕೆ ಯಾರ ಕಾಲೂ ತಾಗಬಾರದು.

ಅದೇ ಹೊತ್ತಿಗೆ ನಾನು ಗಂಡನ ಮನೆಗೆ ಕೈ ಮುಗಿದು, ಹೊಲಿಗೆ ಮಷಿನ್ ಹೊತ್ತುಕೊಂಡು ತವರಿಗೆ ಬಂದಿದ್ದೆ. ಕೋಡ್ಲಾದ ಸಿಮೆಂಟು ಕಾರ್ಖಾನೆಯಿಂದ ಖಾಲಿ ಚೀಲ ತರಿಸಿ, ಬಿಚ್ಚಿ, ತೊಳೆದು, ಎರಡೆರಡು ಹೊಲಿಗೆ ಹಾಕಿ ಹಾಯಿ ಮಾಡಿದೆ. ಹುಟ್ಟು ಹಾಕುವವರಿಲ್ಲದಿದ್ದರೆ ಗಾಳಿ ಎಳೆಯಲಿ ಎಂಬುದು ನನ್ನ ಲೆಕ್ಕ. ಆ ದೋಣಿ ನನಗೆ ಬೇಕಿತ್ತು. ಬ್ಲೌಸು ಹೊಲಿಯುತ್ತ, ಗಂಡನನ್ನು ಯಾಕೆ ಬಿಟ್ಟು ಬಂದೆ ಎಂದು ಕೇಳಿದವರಿಗೆಲ್ಲ ಉತ್ತರ ಕೊಡುತ್ತ ಕೂರಲು ನಾನು ತಯಾರಿರಲಿಲ್ಲ.

ಅಪ್ಪ ಒಂದೇ ಮಾತು ಹೇಳಿದ. "ಅಮಾಸಿ ಒಳಗ ಆ ದಂಡಿಂದ ಈ ದಂಡಿಗಿ ಹುಟ್ಟು ಮುಟ್ಟಲಾರದೆ ತಂದು ತೋರ್ಸು. ಇಲ್ಲಂದ್ರ ದೋಣಿ ನಿಮ್ಮ ಅಣ್ಣಗ ಕೊಡ್ತೀನಿ." ಅಣ್ಣ ಎಂದರೆ ದೊಡ್ಡಪ್ಪನ ಮಗ. ಅವನಿಗೆ ಆಗಲೇ ಒಂದು ದೋಣಿ ಇತ್ತು.

ಮೊದಲ ಸಲ ಹೋಗುವಾಗ ಗಾಳಿ ಬೆನ್ನಿಗಿತ್ತು, ಸಲೀಸಾಗಿ ಹೋದೆ. ಬರುವಾಗ ಅದೇ ಗಾಳಿ ಓರೆಯಾಗಿ ಎದುರಿಗೆ. ದೋಣಿಯ ಮೂತಿ ನೀರಿಗೆ ಮುಖ ತುರುಕಿತು, ಹಿಂಭಾಗ ಮೇಲೆದ್ದಿತು, ಚುಕ್ಕಾಣಿಗೆ ಹಿಡಿತವೇ ಇಲ್ಲ. ತಿರುಗಿಸಲು ಹೋದರೆ ಅರ್ಧ ತಿರುಗಿ ಗಾಳಿಗೆ ಎದುರಾಗಿ ನಿಂತುಬಿಡುತ್ತಿತ್ತು, ಹಾಯಿ ಪಟಪಟ ಬಡಿದುಕೊಳ್ಳುತ್ತಿತ್ತು. ಅಲೆಯೆಲ್ಲ ಒಳಗೇ. ಕೊನೆಗೆ ಅಣ್ಣ ತನ್ನ ದೋಣಿಯಲ್ಲಿ ಬಂದು ಹಗ್ಗ ಕಟ್ಟಿ ಎಳೆದುಕೊಂಡು ಹೋದ.

"ತಂಗಿ, ಇದು ಹೊಲಿಗಿ ಮಿಷಿನ್ ಅಲ್ಲ" ಎಂದ, ದಂಡೆಯಲ್ಲಿದ್ದವರಿಗೆಲ್ಲ ಕೇಳುವಂತೆ.

ಆ ಸಂಜೆ ನಾನು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ.

ಎರಡು ದಿನದ ನಂತರ ದಂಡೆಯ ಹತ್ತಿರವೇ ಲಂಗರು ಇಳಿಸಿ ಬಲೆ ಬಿಡಿಸುತ್ತಿದ್ದೆ. ಬಲೆಯ ಒಂದು ತುದಿ ದೂರದ ಮುಳ್ಳುಕಂಟಿಗೆ ಸಿಕ್ಕಿತು. ಲಂಗರು ಎತ್ತುವ ಬೇಸರಕ್ಕೆ ಸರಪಳಿಯ ತುದಿಯನ್ನು ಗುರುತಿಗೆ ತೇಲುವ ಒಂದು ಖಾಲಿ ಡಬ್ಬಿಗೆ ಕಟ್ಟಿ ನೀರಿನಲ್ಲೇ ಬಿಟ್ಟು, ಹಾಯಿ ಏರಿಸಿ ಹೊರಟೆ. ದೋಣಿ ನಾನು ಹೇಳಿದ ಕಡೆಗೆ ಗರಕ್ಕನೆ ತಿರುಗಿತು. ನಂಬದೆ ಇನ್ನೊಮ್ಮೆ ತಿರುಗಿಸಿದೆ, ಮತ್ತೂ ಒಮ್ಮೆ. ಹಾಯಿಯಲ್ಲಿ ದೋಷವಿರಲಿಲ್ಲ, ನನ್ನಲ್ಲೂ ಇರಲಿಲ್ಲ. ಸರಪಳಿಯ ಭಾರ ಮೂತಿಯ ಮೇಲೆ ಕೂತದ್ದೇ ತಪ್ಪಾಗಿತ್ತು.

ಮನೆಗೆ ಹೋಗಿ ಹೇಳಿದೆ. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅದು ಇಲ್ಲಾರದಕ್ಕೇ ನನ್ನ ಭುಜ ಹೋಗ್ಯಾದ."

"ತಗದು ಒಗಿ ಅಂದೀನೇನಪ್ಪಾ? ಮೂತಿ ಮ್ಯಾಗಿಂದ ನಡಕ್ಕ ಇಡಮು ಅಂದೀನಿ."

"ನಡಕ್ಕ ಇಟ್ಟರ ಕಾಲಾಗ ಬರ್ತದ. ಪೂಜಿ ಮಾಡೂ ಕಬ್ಬಿಣ ಕಾಲಾಗ ಹಾಕ್ತಿಯೇನ್?"

ನಾನು ಬಲೆ ಎತ್ತಿಕೊಂಡು ಹೊರಗೆ ಹೋದೆ. ಇನ್ನೊಂದು ಮಾತಾಡಿದ್ದರೆ ಅಂದೇ ದೋಣಿ ಅಣ್ಣನ ಪಾಲಾಗುತ್ತಿತ್ತು.

ಅಮಾವಾಸ್ಯೆಯ ಹಿಂದಿನ ದಿನ ಅಪ್ಪನನ್ನೇ ಕೂರಿಸಿಕೊಂಡು ಆಚೆ ದಂಡೆಗೆ ಹೋದೆ. ಅಲ್ಲಿ ಮುಟ್ಟಿದ್ದೇ, ಅವನ ಕಣ್ಣೆದುರೇ ಲಂಗರು ಸಮೇತ ಸರಪಳಿಯನ್ನು ಮೂತಿಯಿಂದ ಎಳೆದು ದೋಣಿಯ ನಡುವೆ, ತಳದ ಹಲಗೆಯ ಮೇಲೆ ಸುತ್ತಿಟ್ಟೆ. ಒಣಗಿದ ನಿಂಬೆಹಣ್ಣು ಉರುಳಿ ನೀರಿಗೆ ಬಿತ್ತು. ಅಪ್ಪನ ಮುಖ ಕೆಂಪಾಯಿತು.

"ಏನ್ ಮಾಡ್ಲಾಕತ್ತಿ ನೀ?"

"ದೋಣಿ ಮನಿಗಿ ಒಯ್ಲಾಕತ್ತೀನಿ. ಸುಮ್ಕ ಕುಂದ್ರು."

ಜೀವಮಾನದಲ್ಲಿ ಅಪ್ಪನಿಗೆ ಸುಮ್ಮನೆ ಕೂರು ಎಂದದ್ದು ಅದೇ ಮೊದಲು. ಹಾಯಿ ಏರಿಸಿದೆ. ಗಾಳಿ ಸಿಕ್ಕಿ ದೋಣಿ ಒಂದು ಕಡೆ ವಾಲಿದಾಗ ಸರಪಳಿ ಗಡಗಡ ಎಂದು ಆ ಕಡೆಗೇ ಜಾರತೊಡಗಿತು. ಒಂದು ಕೈಯಲ್ಲಿ ಹಾಯಿಯ ಹಗ್ಗ, ಇನ್ನೊಂದರಲ್ಲಿ ಚುಕ್ಕಾಣಿ. ಉಳಿದದ್ದು ಕಾಲು. ಎರಡೂ ಪಾದ ಸರಪಳಿಯ ಮೇಲೆ ಊರಿ ಒತ್ತಿ ಹಿಡಿದೆ. ದೋಣಿ ಸ್ಥಿರವಾಯಿತು. ಮೂತಿ ನೀರಿನಿಂದ ಮೇಲೆದ್ದಿತ್ತು.

"ಕಾಲ್ ತಗಿ" ಎಂದ ಅಪ್ಪ.

"ತಗ್ಯಲ್ಲ."

"ಕಾಲ್ ತಗಿ ಅಂದೆ!"

"ತಗದ್ರ ಇಬ್ಬರೂ ನೀರಾಗ ಬೀಳ್ತೀವಿ. ತಗೀಲೇನು?"

ಅಪ್ಪ ಎಡಗೈಯಿಂದ ದೋಣಿಯ ಅಂಚು ಹಿಡಿದ. ನಾಲ್ಕು ಸಲ ತಿರುವು ತೆಗೆದುಕೊಂಡೆ, ನಾಲ್ಕು ಸಲವೂ ದೋಣಿ ಮಾತು ಕೇಳಿತು. ಹುಟ್ಟು ಇಟ್ಟಲ್ಲೇ ಒಣಗಿಕೊಂಡಿತ್ತು. ದಂಡೆಯಲ್ಲಿ ಎಳೆಯಲೆಂದು ಹಗ್ಗ ಹಿಡಿದು ನಿಂತಿದ್ದ ಅಣ್ಣ, ಅದನ್ನು ಸುತ್ತಿಕೊಂಡು ತನ್ನ ದೋಣಿಗೆ ಹೋದ. ಅಪ್ಪ ಇಳಿದು ತಿರುಗಿ ನೋಡದೆ ಮನೆಗೆ ನಡೆದ. ದೋಣಿ ಕೊಟ್ಟೆ ಎನ್ನಲಿಲ್ಲ, ಕೊಡುವುದಿಲ್ಲ ಎಂದೂ ಅನ್ನಲಿಲ್ಲ. ರಾತ್ರಿ ಊಟಕ್ಕೆ ಇಬ್ಬರೂ ಗೋಡೆ ನೋಡುತ್ತ ಕೂತೆವು.

ಮರುದಿನ ಅಮಾವಾಸ್ಯೆ. ಬೆಳಿಗ್ಗೆ ನಾನು ದೋಣಿಯಲ್ಲಿ ನನ್ನ ಜಾಗದಲ್ಲಿ ಕೂತು ಬಲೆ ಸರಿಮಾಡುತ್ತಿದ್ದೆ, ಕಾಲು ಸರಪಳಿಯ ಮೇಲೆಯೇ ಇತ್ತು. ಅಪ್ಪ ಅರಿಶಿನದ ಬಟ್ಟಲು, ಹೊಸ ನಿಂಬೆಹಣ್ಣು ಹಿಡಿದು ಬಂದ. ರೂಢಿಯಂತೆ ಮೂತಿಯ ಹತ್ತಿರ ಹೋದ. ಅಲ್ಲಿ ಬರೀ ಹಲಗೆ. ಆಮೇಲೆ ದೋಣಿ ಹತ್ತಿ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ. ಈ ಸಲ ನಾನಾಗಿಯೇ ಕಾಲು ಎತ್ತಲು ಹೋದೆ.

"ಇರ್ಲಿ ಬಿಡು" ಎಂದ ಅಪ್ಪ, ಎಡಗೈಯಿಂದ ನನ್ನ ಪಾದದ ಸುತ್ತ ಸರಪಳಿಗೆ ಅರಿಶಿನ ಹಚ್ಚುತ್ತ. "ನಿನ್ ದೋಣಿ. ನೀ ಹೆಂಗ ಕುಂದರ್ತಿ ಹಂಗ ಕುಂದ್ರು."