ಓದುವವರ ನಾಡಿ ಹಿಡಿಯುವ ಕ್ಲಿಪ್ಪಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಂಶೋಧನಾ ಸಂಸ್ಥೆಯ ಮೂಲೆಯ ಕೋಣೆಯಲ್ಲಿ ಸಹಾಯಕಿಯೊಬ್ಬರು ಕಿಟಕಿಯ ದಪ್ಪ ಪರದೆ ಎಳೆದು, ಸಂದಿಯಿಂದ ಬಿಸಿಲು ನುಸುಳದಂತೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸುತ್ತಿದ್ದಾರೆ. ಓದುವವರು ತಲೆ ಅಲುಗದಂತೆ ಗದ್ದ ಊರುವ ಪಟ್ಟಿಯನ್ನು ಒರೆಸಿ, ಕುರ್ಚಿ ಅಲುಗಾಡದೆ ನಿಲ್ಲುತ್ತದೆಯೇ ಎಂದು ತಾವೇ ಕೂತು ನೋಡುತ್ತಾರೆ. ಬೆಳಗಿನ ಪಾಳಿಗೆ ಮುಂಚೆ ಬಂದುಹೋಗಲು ಒಪ್ಪಿರುವ ನರ್ಸೊಬ್ಬರು ಬಾಗಿಲಲ್ಲಿ ನಿಂತಿದ್ದಾರೆ.

"ಬನ್ನಿ ತಾಯಿ, ಒಳಗೆ ಬನ್ನಿ. ಅಯ್ಯೋ, ಕೈ ಎಷ್ಟು ತಣ್ಣಗಿದೆ! ಚೆನ್ನಾಗಿ ಉಜ್ಜಿಕೊಳ್ಳಿ. ಇಲ್ಲಾಂದ್ರೆ ನೀವು ಬದುಕಿದ್ದೀರಿ ಅನ್ನೋದನ್ನೇ ಮೆಷಿನ್ ನಂಬಲ್ಲ."

ನರ್ಸ್ ನಗುತ್ತಾರೆ. ಬೆರಳಿಗೆ ನಾಡಿಬಡಿತ ಅಳೆಯುವ ಕ್ಲಿಪ್ಪು, ಪಕ್ಕದ ಬೆರಳಿಗೆ ಬೆವರು ಅಳೆಯುವ ಪಟ್ಟಿ. ಕಂಪ್ಯೂಟರ್ ಪರದೆಯ ಕೆಳಗಿರುವ ಪುಟ್ಟ ಕ್ಯಾಮೆರಾ ಕಣ್ಣಿನ ಪಾಪೆಯನ್ನೇ ನೋಡುತ್ತಿರುತ್ತದೆ. ಓದಲು ಹೆಚ್ಚು ಶ್ರಮವಾದಾಗ ಪಾಪೆ ಹಿಗ್ಗುತ್ತದಂತೆ. ಮೊದಲು ಮನೆಮಾತಿನ ಒಂದು ಪುಟ, ಆಮೇಲೆ ಕಲಿತ ಭಾಷೆಯ ಒಂದು ಪುಟ. ಕಲಿತ ಭಾಷೆಯಲ್ಲಿ ಓದುವಾಗ ಮನಸ್ಸಿಗೆಷ್ಟು ಆತಂಕ, ಮಿದುಳಿಗೆಷ್ಟು ದುಡಿಮೆ ಎಂದು ಅಳೆಯುವುದು ಇಲ್ಲಿನ ಕೆಲಸ. ದಿನಕ್ಕೆ ಐದಾರು ಜನ ಬರುತ್ತಾರೆ. ಫಲಿತಾಂಶ ಬರೆಯುವವರು ವಿಜ್ಞಾನಿಗಳು. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಬೆರಳಿಗೆ ಕ್ಲಿಪ್ಪು ಹಾಕುವವರು ಇವರು. ಹಾಗಾಗಿ ಎಲ್ಲರ ಬಾಯಲ್ಲೂ ಇವರು ಕ್ಲಿಪ್ಪಕ್ಕ.

ಇದಕ್ಕೂ ಮುಂಚೆ ಕ್ಲಿಪ್ಪಕ್ಕ ಆಸ್ಪತ್ರೆಯೊಂದರ ಇಸಿಜಿ ಕೋಣೆಯಲ್ಲಿ ಸಹಾಯಕಿ. ಟೆಕ್ನಿಷಿಯನ್ ಆಗಲು ಪರೀಕ್ಷೆ ಬರೆಯಬೇಕಿತ್ತು, ಅದೂ ಕಲಿತ ಭಾಷೆಯಲ್ಲಿ. "ಪೇಪರ್ ಕೈಗೆ ಬಂತು ನೋಡಿ, ಅಕ್ಷರಗಳೆಲ್ಲ ಇರುವೆ ಥರ ಹರಿದಾಡೋಕೆ ಶುರುವಾದವು. ಕೈಕಾಲು ತಣ್ಣಗಾಯ್ತು. ಹೆಸರು ಬರೆದು ಎದ್ದುಬಂದೆ." ಆ ಹುದ್ದೆ ಬೇರೆಯವರ ಪಾಲಾಯಿತು. ಅಲ್ಲಿಂದಾಚೆಗೆ ಔಷಧದ ಚೀಟಿಯಿಂದ ಹಿಡಿದು ಮಗಳ ಶಾಲೆಯ ನೋಟೀಸಿನವರೆಗೆ, ಆ ಭಾಷೆಯಲ್ಲಿ ಏನೇ ಬಂದರೂ ಗಂಡನ ಕಡೆ ತಳ್ಳುವುದೇ ರೂಢಿ. "ಕನ್ನಡಕ ಎಲ್ಲಿಟ್ಟೆನೋ ಅಂತಿದ್ದೆ. ಕನ್ನಡಕ ತಲೆ ಮೇಲೇ ಇರ್ತಿತ್ತು!"

ಎಲ್ಲ ಬದಲಾದದ್ದು ಒಬ್ಬ ಕ್ರೇನ್ ಚಾಲಕರಿಂದ. ಅವರ ಕಾರ್ಖಾನೆಯಲ್ಲಿ ಸುರಕ್ಷತೆಯ ಸೂಚನೆಗಳೆಲ್ಲ ಕಲಿತ ಭಾಷೆಯಲ್ಲೇ. ಒಂದು ಬೆಳಿಗ್ಗೆ ಈ ಕುರ್ಚಿಯಲ್ಲಿ ಓದುತ್ತಾ ಓದುತ್ತಾ ಅವರ ನಾಡಿ ಏರಿತು, ಹಣೆ ಬೆವರಿತು. ಕ್ಲಿಪ್ಪು ಕಿತ್ತೆಸೆದು ಎದ್ದೇಬಿಟ್ಟರು. "ನಾನು ದಡ್ಡ ಅಂತ ಊರಿಗೆಲ್ಲ ಗೊತ್ತು. ಅದಕ್ಕೆ ಮೆಷಿನ್ ಬೇರೆ ಸಾಕ್ಷಿ ಹೇಳಬೇಕಾ?"

ಓದು ಶುರುವಾದ ಮೇಲೆ ಸಹಾಯಕರು ಬಾಯಿ ಬಿಡುವಂತಿಲ್ಲ. ಆದರೆ ಕ್ಲಿಪ್ಪಕ್ಕನಿಗೆ ತಡೆಯಲಾಗಲಿಲ್ಲ. "ಅಣ್ಣಾ, ಇದು ಬುದ್ಧಿ ಅಳೆಯಲ್ಲ. ನೀವೆಷ್ಟು ಕಷ್ಟ ಪಡ್ತಿದ್ದೀರಿ ಅಂತ ನೋಡುತ್ತೆ ಅಷ್ಟೆ. ನನಗೂ ಹೀಗೇ ಆಗಿತ್ತು" ಎಂದು ಪರೀಕ್ಷೆಯ ಕತೆಯನ್ನೆಲ್ಲ ಹೇಳಿದರು. ಚಾಲಕರು ಮತ್ತೆ ಕೂತರು, ಪುಟ ಮುಗಿಸಿದರು. ಆದರೆ ನಡುವೆ ಮಾತಾಡಿದ್ದರಿಂದ ಅಂದಿನ ಅಳತೆ ಕೆಲಸಕ್ಕೆ ಬಾರದೆ ಹೋಯಿತು.

"ಕೆಲಸ ಹೋಯ್ತು ಅಂದ್ಕೊಂಡೆ. ಮೇಡಂ ಮುಖ ಊದಿಸ್ಕೊಂಡಿದ್ರು" ಎನ್ನುತ್ತಾರೆ ಕ್ಲಿಪ್ಪಕ್ಕ. ವಿಜ್ಞಾನಿ ಮೇಡಂ ಅದನ್ನು ಒಪ್ಪಿಕೊಳ್ಳುತ್ತಾರೆ: "ಸಿಟ್ಟು ಬಂದಿದ್ದು ನಿಜ. ಆದ್ರೆ 'ನನಗೂ ಹೀಗೇ ಆಗಿತ್ತು' ಅಂದ್ರಲ್ಲ, ಆ ಮಾತು ತಲೆಯಲ್ಲೇ ಕೂತುಬಿಡ್ತು. ಮಾರನೇ ದಿನ ಇವರನ್ನೇ ಕುರ್ಚಿಯಲ್ಲಿ ಕೂರಿಸಿದೆ."

ಅಷ್ಟು ಜನರಿಗೆ ಕ್ಲಿಪ್ಪು ಹಾಕಿದವರು ಅಂದು ತಮ್ಮ ಬೆರಳಿಗೇ ಕ್ಲಿಪ್ಪು ಹಾಕಿಕೊಂಡರು. ಓದಿದ ಮೇಲೆ ಮೇಡಂ ಎರಡು ಗೆರೆಗಳನ್ನು ತೋರಿಸಿದರು. ಒಂದು ಪಾಪೆಯದು, ಇನ್ನೊಂದು ನಾಡಿಯದು. ಓದುವಾಗಿನ ಶ್ರಮ ಎಲ್ಲರಷ್ಟೇ. ಪುಟದ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಉತ್ತರವೂ ಬಹುಪಾಲು ಸರಿ. ನಾಡಿ ಮಾತ್ರ ಪುಟ ಬರುವ ಮೊದಲೇ, ಖಾಲಿ ಪರದೆಯ ಮುಂದೆಯೇ ಓಟ ಕಿತ್ತಿತ್ತು. "ಒಂದು ಸಲದ ಅಳತೆಯಿಂದ ಎಲ್ಲ ಹೇಳೋಕಾಗಲ್ಲ" ಎಂದು ಮೇಡಂ ಎಚ್ಚರಿಸಿದರು. "ಆದ್ರೆ ನಿಮಗೆ ಓದೋಕೆ ಬರುತ್ತೆ. ನಿಮ್ಮನ್ನ ಓಡಿಸ್ತಿರೋದು ಭಯ."

ಕ್ಲಿಪ್ಪಕ್ಕ ಅಲ್ಲೇ ಅತ್ತುಬಿಟ್ಟರು. "ಇಷ್ಟು ವರ್ಷ ನನ್ನ ತಲೇಲಿ ಏನೂ ಇಲ್ಲ ಅಂದ್ಕೊಂಡಿದ್ದೆ. ಇದ್ದದ್ದು ಬರೀ ಹೆದರಿಕೆ! ಹೆದರಿಕೆಗಾದ್ರೆ ಏನೋ ಒಂದು ದಾರಿ ಇದೆ."

ಆ ದಾರಿ ಅಡುಗೆಮನೆಯಲ್ಲಿ ಸಿಕ್ಕಿತು. ಸಂಜೆ ಅತ್ತೆ ಬಟಾಣಿ ಸುಲಿಯುತ್ತಾ ಕೂರುವುದು, ಸೊಸೆ ಕಲಿತ ಭಾಷೆಯಲ್ಲಿ ಗಟ್ಟಿಯಾಗಿ ಓದುವುದು. ಅತ್ತೆಗೆ ಆ ಭಾಷೆಯ ಗಂಧಗಾಳಿಯಿಲ್ಲ. "ನನಗೆ ಒಂದಕ್ಷರ ತಿಳಿಯಲ್ಲಪ್ಪ. ಆದ್ರೆ ಇವಳು ತಡವರಿಸಿದ್ದು ತಿಳಿಯುತ್ತೆ. ಉಸಿರು ಬಿಡೇ, ಯಾರೂ ಅಟ್ಟಿಸಿಕೊಂಡು ಬರ್ತಿಲ್ಲ ಅಂತೀನಿ" ಎಂದು ಅವರು ನಗುತ್ತಾರೆ. ಮೊದಮೊದಲು ಅರ್ಧ ಪುಟಕ್ಕೇ ಓದು ನಿಲ್ಲುತ್ತಿತ್ತು. ಬರುಬರುತ್ತಾ ಬಟಾಣಿ ಮುಗಿದರೂ ಓದು ಮುಗಿಯುತ್ತಿರಲಿಲ್ಲ. ಶಾಲೆಯ ನೋಟೀಸು ಈಗ ನೇರ ಕ್ಲಿಪ್ಪಕ್ಕನ ಕೈಗೇ ಬರುತ್ತದೆ. ಕ್ರೇನ್ ಚಾಲಕರೂ ಮತ್ತೊಂದು ಬೆಳಿಗ್ಗೆ ಬಂದು, ಪೂರ್ತಿ ಪುಟ ಓದಿ ಅಳತೆ ಕೊಟ್ಟುಹೋಗಿದ್ದಾರೆ.

ಕಳೆದ ವರ್ಷ ಕ್ಲಿಪ್ಪಕ್ಕ ಅದೇ ಪರೀಕ್ಷೆಗೆ ಮತ್ತೆ ಕೂತರು, ಪಾಸಾದರು. ಈಗ ಬೆಳಿಗ್ಗೆ ಈ ಕೋಣೆ, ಮಧ್ಯಾಹ್ನ ಟೆಕ್ನಿಷಿಯನ್ ಆಗಿ ಆಸ್ಪತ್ರೆಯ ಇಸಿಜಿ ಕೋಣೆ. ಹೆದರಿಕೆ ಪೂರ್ತಿ ಹೋಯಿತೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು.

"ಎಲ್ಲಿ ಹೋಗುತ್ತೆ? ಪೇಪರ್ ಕೊಟ್ಟಾಗ ಎದೆ ಡವಡವ ಅಂತು. ಅನ್ನಲಿ ಬಿಡು ಅಂತ ಓದ್ತಾ ಹೋದೆ. ಮೊದಲನೇ ಪ್ರಶ್ನೇಲೇ ಗೊತ್ತಿಲ್ಲದ ಪದ ಒಂದು ಅಡ್ಡ ನಿಂತಿತ್ತು. ಅದನ್ನ ದಾಟಿ ಮುಂದಕ್ಕೆ ಹೋದೆ. ಅದರ ಅರ್ಥ ನಂಗೆ ಇವತ್ತಿಗೂ ಗೊತ್ತಿಲ್ಲ ನೋಡಿ. ಆದ್ರೂ ಪಾಸು!"